ವಿಮಾನದ ಕಾಲು ಕಾಸಿದ ಮಾವ

ನಮ್ಮ ಸೋದರಮಾವನಿಗೆ ಮನುಷ್ಯರಿಗಿಂತ ಉಕ್ಕಿನ ಮೇಲೇ ಪ್ರೀತಿ ಹೆಚ್ಚು ಎಂದರೆ ಅತ್ತೆ ಒಪ್ಪುತ್ತಿರಲಿಲ್ಲ. “ಮನುಷ್ಯರ ಮೇಲೂ ಐತೆ ಕಣೋ. ಆದ್ರೆ ಮೊದ್ಲು ಒಂದ್ಸಲ ತಟ್ಟಿ ನೋಡ್ಬುಡ್ತಾರೆ!”

ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ, ವಿಮಾನ ಇಳಿಯುವಾಗ ಅದರ ಭಾರ ಹೊರುವ ಕಾಲುಗಳ ಉಕ್ಕನ್ನು ಕಾಸಿ ಹದಮಾಡುವುದು ಮಾವನ ಕೆಲಸವಾಗಿತ್ತು. ತೊಂಬತ್ತರ ದಶಕದಲ್ಲಿ ನಿವೃತ್ತರಾಗಿ ನಮ್ಮೂರು ಮಗ್ಗೆಗೆ ಮರಳುವಾಗ ಆ ಉಕ್ಕಿನ ಒಂದು ಬಿಲ್ಲೆ ತಂದರು. ಅಂಗೈ ಅಗಲ, ಮೂರು ಬೆರಳು ದಪ್ಪ. ಆಯುಧಪೂಜೆಗೆ ಊರೆಲ್ಲ ಕತ್ತಿ, ಗುದ್ದಲಿ, ಜೀಪಿಗೆ ಕುಂಕುಮ ಹಚ್ಚಿದರೆ ಇವರ ಮೊದಲ ಕುಂಕುಮ ಬಿಲ್ಲೆಗೆ. “ವಿಮಾನಕ್ಕೆ ರೆಕ್ಕೆ ಅಲ್ವಾ ಮಾರಾಯ, ಕಾಲೆಲ್ಲಿ ಐತೆ?” ಎಂದ ಪಕ್ಕದ ಮನೆಯವರ ಜೊತೆ ಮುಂದಿನ ಹಬ್ಬದವರೆಗೂ ಮಾತು ಬಿಟ್ಟರು!

ಉಳಿದ ದಿನಗಳಲ್ಲಿ ಅತ್ತೆ ಅದನ್ನು ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಹೇರುತ್ತಿದ್ದರು.

“ಉಪ್ಪು ತಾಗಿದ್ರೆ ತುಕ್ಕು ಹಿಡೀತದೆ ಕಣೇ!”

“ಮಳೇಲಿ ಹಾರೋ ವಿಮಾನಕ್ಕೆ ಹಿಡೀದ ತುಕ್ಕು ನನ್ನ ಭರಣಿ ಮೇಲೆ ಹಿಡೀತದಾ?”

ವಿಮಾನದ ಕಾಲಿಗೆ ಬರೀ ಉಕ್ಕು ಸಾಲದೆ, ಬೇರೆ ಲೋಹ ಯಾಕೆ ಬೆರೆಸಬೇಕು? ಒಂದು ದಿನ ಕೇಳಿಯೇಬಿಟ್ಟೆ. ಮಾವ ತಟ್ಟೆಯಲ್ಲಿದ್ದ ಕಡುಬು ಮುರಿದರು. “ನೋಡು, ದಪ್ಪ ಕಟ್ಟಿದ್ರೆ ಮೇಲೆ ಬೆಂದಿರ್ತದೆ, ನಡುವೆ ಹಸಿ. ಸಾದಾ ಉಕ್ಕೂ ಅಷ್ಟೇಯ, ಚರ್ಮ ಮಾತ್ರ ಗಟ್ಟಿ. ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆಸು. ದಪ್ಪ ಇದ್ರೂ ಹದ ನಡುಮಧ್ಯದ ಗಂಟ ಇಳೀತದೆ.”

ಒಲೆಯ ಬಳಿಯಿಂದ ಅತ್ತೆ ಕೇಳಿದರು: “ಅಂದ್ರೆ ನನ್ನ ಕಡುಬು ಬೆಂದಿಲ್ಲ ಅಂತ ತಾನೇ ನೀವು ಹೇಳ್ತಿರೋದು?”

ಅಲ್ಲಿಗೆ ಆ ದಿನದ ಲೋಹಶಾಸ್ತ್ರ ಮುಗಿಯಿತು.

ಇನ್ನೊಮ್ಮೆ ಊರ ಕಮ್ಮಾರನಿಗೆ ಪಾಠ ಹೇಳಲು ಹೋದರು. ಕಾದ ಕತ್ತಿಯನ್ನು ನೀರಿಗಲ್ಲ, ಎಣ್ಣೆಗೆ ಅದ್ದಬೇಕಂತೆ. “ಸಾರಿಗೇ ಒಗ್ಗರಣೆ ಇಲ್ಲ ಕಣ್ರೀ, ಕತ್ತಿಗೆ ಎಲ್ಲಿಂದ ಹಾಕಾನ?” ಎಂದ ಅವನು. ಮಾವ ಅತ್ತೆಯ ಅಡುಗೆಮನೆಯ ಎಣ್ಣೆಡಬ್ಬವನ್ನೇ ಹೊತ್ತೊಯ್ದರು. ಕಾದ ಕತ್ತಿ ಅದ್ದಿದ್ದೇ ಎಣ್ಣೆ ಭಗ್ಗೆಂದು ಹತ್ತಿಕೊಂಡಿತು. ಮಾವನ ಅರ್ಧ ಮೀಸೆ ಸುಟ್ಟಿತೆಂದು ನನ್ನ ನೆನಪು. ತುದಿ ಮಾತ್ರ ಎನ್ನುತ್ತಾರೆ ಅತ್ತೆ. ನಗುವಿನ ಆಸೆಗೆ ನೆನಪು ಮೀಸೆ ಬೋಳಿಸುವುದೂ ಉಂಟು, ಹಾಗಾಗಿ ಅತ್ತೆಯ ಮಾತನ್ನೇ ನಂಬುತ್ತೇನೆ. ಮನೆಗೆ ಮರಳಿದ ಮಾವನನ್ನು ಅವರು ಬಾಗಿಲಲ್ಲೇ ಕೇಳಿದ್ದಂತೂ ಖಂಡಿತ: “ಹದ ಒಳಗಂಟ ಇಳೀತಾ?”

ಇಂಥ ಮಾವ ಒಂದು ಸಲವೂ ವಿಮಾನ ಹತ್ತಿರಲಿಲ್ಲ! ಅತ್ತೆಗೋ ಅದೇ ದೊಡ್ಡ ಆಸೆ.

“ನೀವು ಕಾಸಿದ ಕಾಲಿನ ಮೇಲೆ ಒಂದ್ಸಲ ಕೂತು ಬತ್ತೀನಿ.”

“ಬ್ಯಾಡ.”

“ನಿಮ್ಮ ಕೆಲಸದ ಮೇಲೆ ನಿಮಗೇ ನಂಬಿಕೆ ಇಲ್ವಾ?”

ಮಾವ ಬಿಲ್ಲೆ ತಟ್ಟಿ ಕಿವಿಗೊಟ್ಟರು. “ಪರೀಕ್ಷೆ ಎಲ್ಲಾ ಮಾಡ್ತೀವಿ. ಆದ್ರೂ ಒಳಗೆ ಹೊಕ್ಕು ನೋಡ್ದೋರು ಯಾರು?”

ಅಷ್ಟು ವರ್ಷ ದುಡಿದವರಿಗೆ ಇದ್ದದ್ದು ನಂಬಿಕೆಯೋ ಭಯವೋ? ನನಗೆ ತಿಳಿಯಲಿಲ್ಲ.

ಮುಂದೆ, ಎರಡು ಸಾವಿರದ ಇಸವಿ ದಾಟಿದ ಮೇಲೆ, ಅತ್ತೆ ತಮ್ಮ ಅಕ್ಕನನ್ನು ನೋಡಲು ರೈಲಿನಲ್ಲಿ ಮುಂಬಯಿಗೆ ಹೋದರು. ಮರಳುವ ಮುನ್ನ ಫೋನು ಬಂತು: “ಅಕ್ಕನ ಮಗಳು ವಿಮಾನದ ಟಿಕೆಟ್ ತೆಗ್ಸವಳೆ. ಬೈಯೋದಿದ್ರೆ ಇಳಿದ ಮೇಲೆ ಬೈರಿ.” ಮಾವ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಫೋನು ಇಟ್ಟುಬಿಟ್ಟಿದ್ದರು.

ನಾನೂ ಮಾವನೂ ಬಸ್ಸು ಹತ್ತಿ ಬೆಂಗಳೂರಿಗೆ ಹೋದೆವು. ಬಿಲ್ಲೆ ಚೀಲದಲ್ಲಿ, ಚೀಲ ಅವರ ತೊಡೆಯ ಮೇಲೆ. ಒಳಗೆ ಹೋಗಿ ಕಾಯೋಣವೆಂದರೆ ಕೇಳಲಿಲ್ಲ. ವಿಮಾನ ಇಳಿಯುವುದು ಕಾಣುವಂತೆ ರಸ್ತೆ ಬದಿಯ ತಂತಿಬೇಲಿಗೆ ಒರಗಿ ನಿಂತರು. ಸುತ್ತ ನೆರೆದಿದ್ದವರೆಲ್ಲ ರೆಕ್ಕೆ ನೋಡುತ್ತಿದ್ದರು. ಮಾವನ ಕಣ್ಣು ಕೆಳಗೆ.

ಒಂದು ವಿಮಾನ ಇಳಿಯಿತು. ಚಕ್ರ ನೆಲ ಮುಟ್ಟಿದ್ದೇ ತಡ, ಮಾವನ ಮೊಣಕಾಲುಗಳು ಮಡಚಿಕೊಂಡವು. ಭಾರವನ್ನು ತಾವೇ ಹೊರುವವರಂತೆ ಕುಗ್ಗಿ, ಮೆಲ್ಲಗೆ ನೆಟ್ಟಗಾದರು.

“ಇದರಲ್ಲಿ ಬಂದ್ಲಾ?”

“ಗೊತ್ತಿಲ್ಲ ಮಾವ.”

ಗೊತ್ತಿಲ್ಲದ್ದರಿಂದ ಮುಂದಿನದಕ್ಕೂ ಕುಗ್ಗಿದರು. ಅದರ ಮುಂದಿನದಕ್ಕೂ. ಇದನ್ನು ನನ್ನ ನೆನಪು ಉಬ್ಬಿಸಿದ್ದಲ್ಲ. ಪಕ್ಕದಲ್ಲಿ ನಿಂತಿದ್ದ ಕಡಲೆಕಾಯಿಯವನೂ ನೋಡಿ ನಕ್ಕಿದ್ದ.

ಕೊನೆಗೆ ಹೊರಬಾಗಿಲಲ್ಲಿ ಅತ್ತೆ ಕಂಡರು, ಮುಖವೆಲ್ಲ ನಗು. “ಕಾಲು ಚೆಂದಾಗೈತೆ ಕಣ್ರೀ! ನೆಲ ಮುಟ್ಟಿದ್ದೇ ಗೊತ್ತಾಗ್ಲಿಲ್ಲ.” ಆಮೇಲೆ ಮಾವನನ್ನು ದಿಟ್ಟಿಸಿದರು. “ಇದೇನ್ರೀ, ಕುಂಟ್ತಾ ಇದ್ದೀರಲ್ಲ?”

ಮಾವ ಮೊಣಕಾಲು ನೀವಿಕೊಂಡರು.

“ಬಸ್ಸಿನ ಕುಲುಕಾಟ ಕಣೇ.”