ಬೀಗರು ಬಿಡದ ತಟ್ಟೆ

ಸಿನಿಮಾದಲ್ಲಿ ಯಾರಾದರೂ ಊಟಕ್ಕೆ ಕೂತರೆ ನನಗೆ ಕಥೆ ಮರೆತುಹೋಗುತ್ತದೆ. ನಾಯಕಿ ಕಣ್ಣೀರು ಸುರಿಸುತ್ತ ಬಡಿಸುತ್ತಿದ್ದರೆ, ಪಾತ್ರೆಯಲ್ಲಿರುವುದು ಬಸ್ಸಾರೋ ಮೊಳಕೆಕಾಳಿನ ಸಾರೋ ಎಂದು ಕತ್ತು ಚಾಚಿ ನೋಡುವವನು ನಾನು. ಹಾಗಿರುವಾಗ ಮದ್ದೂರಿನಿಂದ ನನ್ನ ಹೆಂಡತಿಯ ತಮ್ಮ ಮಹೇಶ ಫೋನ್ ಮಾಡಿದ. "ಭಾವ, ಭಾನ್ವಾರ ನಮ್ ಗೆಳೇರೆಲ್ಲ ಸೇರಿ ಒಂದು ಹಳೇ ಸಿನಿಮಾ ಆಕ್ಸ್ತಾ ಇದೀವಿ. ಪರದೆ ಮ್ಯಾಲೆ ಅವ್ರು ಏನ್ ತಿಂತಾರೋ ಅದೇ ನಿಮ್ ಕೈಗೂ ಬತ್ತದೆ. ಅವ್ರು ಕುಡುದ್ರೆ ನೀವೂ ಕುಡೀಬೋದು." ಕುಡಿಯುವುದೆಂದರೆ ಏನು ಎಂದು ದನಿ ತಗ್ಗಿಸಿ ಕೇಳಿದೆ. "ಪಾನಕ ಕಣ್ ಭಾವ, ಗಾಬ್ರಿ ಬೀಳ್ಬೇಡಿ" ಎಂದ.

ಆದರೆ ಆಗ ನಮ್ಮ ಮನೆಯಲ್ಲಿ ಯಾರಿಗೂ ಅನ್ನ ರುಚಿಸುತ್ತಿರಲಿಲ್ಲ. ಮಗಳು ಸುಮಾ ಮತ್ತು ಮಳವಳ್ಳಿಯ ಹುಡುಗನೊಬ್ಬ ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಒಟ್ಟಿಗೆ ಕೆಲಸ ಮಾಡುತ್ತ ಪರಸ್ಪರ ಮೆಚ್ಚಿಕೊಂಡಿದ್ದರು. ದೊಡ್ಡವರ ಒಪ್ಪಿಗೆಯೊಂದೇ ಬಾಕಿ. ಹುಡುಗನ ತಂದೆ ಮರಿಸ್ವಾಮಪ್ಪನವರು ಮಂಡ್ಯದ ನಮ್ಮ ಮನೆಗೆ ಬಂದು, ಕಾಫಿ ಕುಡಿದು, ಮೀಸೆ ಒರೆಸಿಕೊಂಡು, "ಬತ್ತೀವಿ" ಎಂದು ಹೋದವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ವಾರಗಳೇ ಉರುಳಿದವು. ಸುಮಾ ಅರ್ಧ ರೊಟ್ಟಿ ಬಿಟ್ಟು ಏಳತೊಡಗಿದಳು. ನನ್ನ ತಲೆಗೆ ಆಗಲೇ ಈ ಯೋಚನೆ ಬಂದದ್ದು: ಅವರನ್ನೂ ಸಿನಿಮಾಕ್ಕೆ ಕರೆದರೆ? ನನ್ನ ಹೆಂಡತಿ ಸಾವಿತ್ರಿ ಹಣೆ ಚಚ್ಚಿಕೊಂಡಳು. "ಮಾತಿಗೇ ಒಪ್ಪದೋರು ವಡೆಗೆ ಒಪ್ತಾರಾ? ಏನಾರಾ ಮಾಡ್ಕೊಳಿ." ಕರೆದೆ. ಆಶ್ಚರ್ಯವೆಂದರೆ ಮರಿಸ್ವಾಮಪ್ಪನವರು ಬಂದೂಬಿಟ್ಟರು. ನನ್ನ ಪಕ್ಕದ ಕುರ್ಚಿಯಲ್ಲೇ ಕೂತರು.

ಮೊದಲರ್ಧ ಸೊಗಸಾಗಿತ್ತು. ಪರದೆಯ ಮೇಲೆ ಗದ್ದೆ ಬದುವಿನಲ್ಲಿ ಬುತ್ತಿ ಬಿಚ್ಚಿದರೆ ನಮಗೆ ಮುದ್ದೆ, ಸೊಪ್ಪಿನ ಸಾರು. ಅತ್ತೆಗೆ ಜ್ವರ ಬಂದು ಸೊಸೆ ಕಷಾಯ ಕಾಸಿದಳು. ನಾವೂ ಮುಖ ಕಿವುಚಿ ಕಷಾಯ ಕುಡಿದೆವು. ಕೊಟ್ಟದ್ದನ್ನೆಲ್ಲ ಮರಿಸ್ವಾಮಪ್ಪನವರು ತಿನ್ನುತ್ತಿದ್ದರು. ಆಮೇಲೆ ನಾಯಕನ ತಂಗಿಯ ನಿಶ್ಚಿತಾರ್ಥ ಬಂತು. ನಮ್ಮ ಕೈಗೆ ಬಿಸಿ ವಡೆ, ಲಾಡು. ಇನ್ನೇನು ಎರಡನೇ ತುತ್ತು ಕಚ್ಚಬೇಕು, ಪರದೆಯ ಮೇಲಿನ ಗಂಡಿನ ತಂದೆ ತಟ್ಟೆ ತಳ್ಳಿ ಎದ್ದು, "ಈ ಸಂಬಂಧ ಬೇಡ!" ಎಂದು ಅಬ್ಬರಿಸಿದ. ನಾನು ಓರೆಗಣ್ಣಿನಿಂದ ಪಕ್ಕದ ಕುರ್ಚಿಯತ್ತ ನೋಡಿದೆ. ಕಥೆ ಏನೆಂದು ಮಹೇಶನನ್ನು ಮೊದಲೇ ವಿಚಾರಿಸಬೇಕೆಂಬುದು ನನಗೆ ಹೊಳೆದೇ ಇರಲಿಲ್ಲ. ಸಾಲದ್ದಕ್ಕೆ, ಬಡಿಸುವವರು ಸಾಲುಸಾಲಾಗಿ ಬಂದು ಎಲ್ಲರ ಕೈಯಿಂದ ತಟ್ಟೆ ಕಿತ್ತುಕೊಳ್ಳತೊಡಗಿದರು.

ಮರಿಸ್ವಾಮಪ್ಪನವರ ತಟ್ಟೆಗೂ ಒಬ್ಬ ಕೈ ಹಾಕಿದ. ಅವರು ಬಿಡಲಿಲ್ಲ.

"ಸಿನಿಮಾದಲ್ಲಿ ಗೌಡ್ರು ತಟ್ಟೆ ಬುಟ್ಟು ಎದ್ದೋದ್ರಲ್ಲ ಸಾ" ಎಂದ ಆತ.

"ಸಂಬಂಧ ಬ್ಯಾಡ ಅಂದೋನು ಅವ್ನು ಕಣಯ್ಯ! ನಾನ್ ಯಾವಾಗ ಬ್ಯಾಡ ಅಂದೆ? ಬುಡು ತಟ್ಟೆಯ!" ಎಂದು ಗದರಿ, ನನ್ನ ಕಡೆ ತಿರುಗಿ, "ಬೀಗ್ರೇ, ನೀವೂ ಗಟ್ಟಿಯಾಗಿ ಇಡ್ಕೊಳ್ಳಿ" ಎಂದರು.

ಬೀಗ್ರೇ! ಇಡೀ ಹಾಲ್ ನಗುತ್ತಿತ್ತು. ನನಗೆ ಮಾತ್ರ ವಡೆ ಗಂಟಲಲ್ಲಿ ಸಿಕ್ಕಿಕೊಂಡು ಕಣ್ಣಲ್ಲಿ ನೀರು ಬಂತು. ವಡೆಯಿಂದಲೇ ಬಂತೆಂದು ಇಟ್ಟುಕೊಳ್ಳೋಣ. ಹಿಂದಿನ ಸಾಲಿನಲ್ಲಿದ್ದ ಸುಮಾ ಎರಡು ಲಾಡು ತಿಂದಳಂತೆ.

ಸಿನಿಮಾ ಮುಗಿದ ಮೇಲೆ ಧೈರ್ಯ ಮಾಡಿ, ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. "ನೀವ್ ಆವತ್ತು ತುಟಿ ಬಿಚ್ಲಿಲ್ವಲ್ಲ! ಬಾರೀ ಬಿಗಿ ಮನ್ಸ, ನಾವ್ ಒಪ್ಗೆ ಆಗ್ಲಿಲ್ವೇನೋ ಅಂತ ಸುಮ್ಕಾದೊ" ಎಂದರು. ಪಕ್ಕದಲ್ಲಿದ್ದ ಸಾವಿತ್ರಿ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿದಳು. ಅಂದು ಅವರು ಬರುವ ಮೊದಲು, "ದಮ್ಮಯ್ಯ, ವಟವಟ ಅಂತ ಮಾತಾಡಿ ಕೆಡಿಸ್ಬೇಡಿ" ಎಂದು ನನ್ನ ಬಾಯಿಗೆ ಬೀಗ ಹಾಕಿದ್ದವಳು ಅವಳೇ.

ಈಗ ಲಗ್ನಪತ್ರಿಕೆ ಅಚ್ಚಾಗುತ್ತಿದೆ. ಮಳವಳ್ಳಿಯಲ್ಲಿ ನನಗೆ ಗಂಭೀರ ಮನುಷ್ಯ ಎಂಬ ಹೆಸರಿದೆ. ಮದುವೆ ಮುಗಿಯುವವರೆಗೆ ಆ ಹೆಸರು ಕೆಡಿಸಿಕೊಳ್ಳಬಾರದೆಂದು ಸಾವಿತ್ರಿಯ ಅಪ್ಪಣೆ. ಹಾಗಾಗಿ ಬೀಗರು ಮನೆಗೆ ಬಂದಾಗಲೆಲ್ಲ ನಾನು ಕೈಕಟ್ಟಿ, ಬಾಯಿ ಮುಚ್ಚಿ ಕೂರುತ್ತೇನೆ. ಆ ಹೊತ್ತಿನ ನೆಮ್ಮದಿಯ ರುಚಿ ಹತ್ತಿಬಿಟ್ಟ ಸಾವಿತ್ರಿ ಈಗ ಅವರನ್ನು ಪ್ರತಿ ಭಾನುವಾರವೂ ಊಟಕ್ಕೆ ಕರೆಯುತ್ತಿದ್ದಾಳೆ.