ಗುಬ್ಬಿಮರಿಯ ಗಣಿತ

"ನನ್ನ ಕೈಗೆ ಸಿಕ್ಕ ಮಗು ಯಾವತ್ತಾದ್ರೂ ಫೇಲಾಗಿದ್ದುಂಟಾ?" ಎಂದು ಟ್ಯೂಷನ್ ಮೇಷ್ಟ್ರು ಎದೆ ತಟ್ಟಿಕೊಂಡರು. ಅವರ ಸ್ವಂತ ಮಗಳೇ ಗಣಿತದಲ್ಲಿ ಫೇಲಾಗಿ ಎದುರಿಗೆ ಕೂತಿದ್ದಳು! ಮರುಪರೀಕ್ಷೆಯೂ ಕೈಕೊಟ್ಟರೆ ಗೆಳತಿಯರೆಲ್ಲ ಏಳನೇ ತರಗತಿಗೆ, ಇವಳೊಬ್ಬಳು ಮತ್ತೆ ಆರಕ್ಕೆ. ಮೇಷ್ಟ್ರ ಮರ್ಯಾದೆಯ ಗತಿಯಂತೂ ಕೇಳುವುದೇ ಬೇಡ.

ಮೇಷ್ಟ್ರದ್ದು ಲೋಕವಿಖ್ಯಾತ ವಿಧಾನ. ಲೋಕವೆಂದರೆ ಸುತ್ತಲಿನ ನಾಲ್ಕು ಬೀದಿ. ಮಗು ತಪ್ಪಿದಲ್ಲಿ ನಿಲ್ಲಬಾರದು, ತಪ್ಪಿನ ಬೇರು ಹುಡುಕಿಕೊಂಡು ಹಿಂದಿನ ಪಾಠಕ್ಕೆ ಹೋಗಬೇಕು. ಮಗಳು ಶೇಕಡಾ ಲೆಕ್ಕ ತಪ್ಪಿದಳು, ಭಿನ್ನರಾಶಿಗೆ ಇಳಿದರು. ಅದೂ ತಪ್ಪಿತು, ಭಾಗಾಕಾರಕ್ಕೆ ಇಳಿದರು. ಅಪ್ಪನ ಕೆಂಗಣ್ಣು ನೋಡಿ ಅವಳು ಏಳರ ಮಗ್ಗಿಯನ್ನೂ ಮರೆತಳು. ಪರೀಕ್ಷೆ ಹತ್ತಿರ ಬರುತ್ತಿದೆ, ಪಾಠ ಶಿಶುವಿಹಾರದ ಕಡೆ ಓಡುತ್ತಿದೆ!

"ಅಪ್ಪಾ, ಭಿನ್ನರಾಶೀನ ಭಾಗಿಸುವಾಗ ಎರಡನೇದನ್ನ ಯಾಕೆ ತಲೆಕೆಳಗು ಮಾಡ್ಬೇಕು?"

"ಅಷ್ಟೂ ಗೊತ್ತಿಲ್ವೇನೇ? ತಲೇಲಿ ಏನು ತುಂಬ್ಕೊಂಡಿದ್ದೀಯ, ಮಣ್ಣಾ?"

ಮಗಳು ಅಳುತ್ತಾ ಎದ್ದುಹೋದಳು. "ಊರ ಮಕ್ಕಳಿಗೆ ಬೆಣ್ಣೆ, ನಮ್ಮ ಮಗೂಗೆ ಸುಣ್ಣ! ಚೆನ್ನಾಗಿದೆ ಕಣ್ರೀ ನಿಮ್ಮ ನ್ಯಾಯ" ಎಂದಳು ಹೆಂಡತಿ.

"ನೀನು ಸುಮ್ನಿರು ಮಾರಾಯ್ತಿ!"

ಸಂಜೆಯ ಆನ್‌ಲೈನ್ ಪಾಠದಲ್ಲಿ ಮಾತ್ರ ಮೇಷ್ಟ್ರು ಬೇರೆಯೇ ಮನುಷ್ಯ. ಅಲ್ಲಿ ಅವರದೇ ನಿಯಮ: ಮುಖ ತೋರಿಸಬೇಕಿಲ್ಲ, ನಿಜ ಹೆಸರು ಹಾಕಬೇಕಿಲ್ಲ, ಎಂಥ ಪೆದ್ದು ಪ್ರಶ್ನೆಯನ್ನಾದರೂ ಟೈಪ್ ಮಾಡಬಹುದು. ಅಂದು 'ಗುಬ್ಬಿಮರಿ' ಎಂಬ ಹೊಸ ಮಗು ಕೇಳಿತು: "ಸರ್, ಭಿನ್ನರಾಶೀನ ಯಾಕೆ ತಲೆಕೆಳಗು ಮಾಡ್ಬೇಕು?"

"ಭಲೇ! ಒಳ್ಳೇ ಪ್ರಶ್ನೆ ಪುಟ್ಟಾ! ಮೂರು ಲೀಟರ್ ಹಾಲನ್ನ ಅರ್ಧರ್ಧ ಲೀಟರ್ ಡಬ್ಬಿಗೆ ತುಂಬು. ಎಷ್ಟು ಡಬ್ಬಿ ಆಯ್ತು? ಆರು! ಅಂದ್ರೆ ಮೂರನ್ನ ಎರಡರಿಂದ ಗುಣಿಸಿದ ಹಾಗೇ ಆಯ್ತಲ್ಲ?"

ಗುಬ್ಬಿಮರಿ ದಿನಾ ಬಂತು, ದಿನಾ ಕೇಳಿತು. ಮೇಷ್ಟ್ರಿಗೆ ಅದರ ಮೇಲೆ ಪ್ರೀತಿಯೋ ಪ್ರೀತಿ. ಊಟಕ್ಕೆ ಕೂತಾಗ ಮಗಳಿಗೆ ಅದರದೇ ಉಪದೇಶ: "ನೀನು ಕೇಳಿದ್ದನ್ನೇ ಅದೂ ಕೇಳ್ತು. ಆದ್ರೆ ಎಷ್ಟು ಚೆನ್ನಾಗಿ ಕೇಳ್ತು! ನೋಡಿ ಕಲಿ!" ಮಗಳು ತಲೆ ತಗ್ಗಿಸಿ ಅನ್ನ ಕಲಸಿದಳು. ಹೆಂಡತಿಗೆ ಯಾಕೋ ಕೆಮ್ಮು ಬಂತು.

ಮಗಳ ಮರುಪರೀಕ್ಷೆಯ ಫಲಿತಾಂಶ ಬಂತು. ಎಂಬತ್ತೆರಡು! ಮೇಷ್ಟ್ರು ನೆಲದ ಮೇಲೇ ನಿಲ್ಲಲಿಲ್ಲ. "ನೋಡಿದ್ಯಾ ನನ್ನ ವಿಧಾನ! ಬೈದಿದ್ದಕ್ಕೇ ಬುದ್ಧಿ ಬಂದಿದ್ದು! ಪಾಪ, ಆ ಗುಬ್ಬಿಮರೀನೂ ಪಾಸಾಯ್ತೋ ಏನೋ, ಈಚೆಗೆ ಪತ್ತೇನೇ ಇಲ್ಲ."

"ಪಾಸಾಯ್ತು ಕಣ್ರೀ" ಎಂದಳು ಹೆಂಡತಿ, ನಗು ತಡೆಯಲಾರದೆ. "ಮಲಗೋ ಕೋಣೇಲಿ ಚಿಲಕ ಹಾಕ್ಕೊಂಡು ನನ್ನ ಫೋನಿಂದ ಓದಿದ್ದು ಅದೇ. ಈಗ ನಿಮ್ಮೆದುರಿಗೇ ನಿಂತಿದೆ."

ಮೇಷ್ಟ್ರ ಮುಖ ಹುಳ್ಳಗಾಯಿತು. ಗಂಟಲು ಸರಿಮಾಡಿಕೊಂಡು, "ಅಲ್ಲ ಪುಟ್ಟೀ, ಅಪ್ಪನ್ನೇ ನೇರವಾಗಿ ಕೇಳ್ಬಹುದಿತ್ತಲ್ಲೇ?" ಎಂದರು.

ಮಗಳು ಅಮ್ಮನ ಬೆನ್ನ ಹಿಂದೆ ಸರಿದಳು.

"ಅಮ್ಮಾ, ಮುಂದಿನ ವರ್ಷಾನೂ ನಂಗೆ ಆ ಸರ್ ಪಾಠಾನೇ ಇರಲಿ. ಈ ಅಪ್ಪನ ಹತ್ರ ಮಾತ್ರ ಬೇಡ!"