ಹತಾರ ಒಪ್ಪಿಸಿದ ಅಳಿಯ

ಮಾವನವರ ಅಡಕತ್ತರಿಯನ್ನು ತನ್ನ ಜೇಬಿಗೆ ಹಾಕಿಕೊಂಡದ್ದೇ ಪರಮಾನಂದ ಮಾಡಿದ ತಪ್ಪು. ಮಾವ ಮುದಕಪ್ಪನವರ ಅಂಗಿಯ ಜೇಬು ಹರಿದಿತ್ತೆಂದು ಇಟ್ಟುಕೊಂಡಿದ್ದ. ಎರಡು ದಿನ ಇದ್ದು ಹೋಗುತ್ತೇನೆಂದು ತಮ್ಮೂರು ಸಾವಳಗಿಯಿಂದ ಬಂದ ಮಾವ ಮೂರು ತಿಂಗಳಾದರೂ ಅಳಿಯನ ಊರು ಬನಹಟ್ಟಿ ಬಿಟ್ಟಿರಲಿಲ್ಲ. ಟೀವಿಯ ಎದುರಿನ ಮಂಚ ಅವರದಾಗಿತ್ತು, ಅದರ ಮೇಲಿನ ಫ್ಯಾನೂ ಅವರದಾಗಿತ್ತು. ಕೊನೆಗೆ ನಿನ್ನೆ ತಾವಾಗಿಯೇ ಬಾಯಿಬಿಟ್ಟಿದ್ದರು. "ಹಲಗಲಿ ಒಂದು ತೋರಿಸಿಬಿಡ್ರಿ ಅಳ್ಯಾರ, ಸಂಜೀ ಬಸ್ಸಿಗೆ ಊರಿಗೆ ಹೊಂಡತೇನಿ."

ಈ ಮಾತು ಹಳಸುವ ಮೊದಲೇ ಪರಮಾನಂದ ಪಕ್ಕದ ಮನೆಯ ಯಲ್ಲಾಲಿಂಗನ ಕಾರು ಗೊತ್ತುಮಾಡಿದ. ಕಾರಿನ ಜೊತೆ ಯಲ್ಲಾಲಿಂಗನೂ ಬಂದ. ಅವನ ಜೊತೆ ಅವನ ನಾಲಿಗೆಯೂ ಬಂತು.

ಹಲಗಲಿಯ ಸ್ಮಾರಕದಲ್ಲಿ ಅಂದು ದೊಡ್ಡವರ ಸಭೆ. ಬಾಗಿಲಲ್ಲಿ ತಪಾಸಣೆಯ ಚೌಕಟ್ಟು ನಿಲ್ಲಿಸಿದ್ದರು. ಮಾವ ದಾಟಿ ಮುಂದೆ ಹೋಗಿದ್ದರು. ಹಿಂದೆ ಪರಮಾನಂದ ದಾಟಿದ್ದೇ ತಡ, ಅದು ಮೊಟ್ಟೆ ಇಟ್ಟ ಕೋಳಿಯಂತೆ ಕೂಗಿಕೊಂಡಿತು.

"ಕಿಸೇದಾಗ ಏನೈತ್ರಿ?" ಪೊಲೀಸ ಕೇಳಿದ.

"ಅಡಕತ್ರಿರಿ. ನಮ್ಮ ಮಾವಾರ್ದು."

"ಹತಾರ ಒಳಗ ಒಯ್ಯಂಗಿಲ್ರಿ. ಬುಟ್ಯಾಗ ಹಾಕ್ರಿ."

ಬುಟ್ಟಿಯಲ್ಲಿ ಒಂದು ಕುಡುಗೋಲು, ಯಾರದೋ ಸ್ಕ್ರೂಡ್ರೈವರ್ ಮಲಗಿದ್ದವು. ಪರಮಾನಂದ ಅಡಕತ್ತರಿಯನ್ನೂ ಅವುಗಳ ಪಕ್ಕ ಮಲಗಿಸಿ ಒಳಗೆ ಹೋದ.

ಭಾಷಣ ಕಾವೇರಿತ್ತು. "ಮನಿಯಾಗಿನ ಆಯುಧ ತಂದು ಒಪ್ಪಸ್ರಿ ಅಂತ ಬ್ರಿಟಿಷರು ಹುಕುಂ ಮಾಡಿದ್ರು. ಈ ಊರಿನ ಬೇಡರು ಕೊಡಂಗಿಲ್ಲ ಅಂದ್ರು. ಊರಿಗೆ ಬೆಂಕಿ ಬಿತ್ತು, ಗಲ್ಲಿಗೇರಿದ್ರು, ಹತಾರ ಮಾತ್ರ ಕೊಡಲಿಲ್ಲ."

ಮುದಕಪ್ಪನವರ ಕಣ್ಣು ಒದ್ದೆಯಾದವು. ದುಃಖವಾದರೆ ಅವರಿಗೆ ಅಡಿಕೆ ಬೇಕು. ಕೈ ಚಾಚಿದರು.

"ಅಡಕತ್ರಿ ಬಾಗಲದಾಗ ಇಸ್ಗೊಂಡಾರ್ರಿ ಮಾವಾರ."

"ಇಸ್ಗೊಂಡ್ರು? ನೀವು ಕೊಟ್ರಿ?"

"ಕೇಳಿದ್ರು. ಕೊಟ್ಟೆ."

ಮುದಕಪ್ಪನವರು ಸಿಡಿಲು ಬಡಿದ ಬೇವಿನ ಮರದಂತೆ ನಿಂತುಬಿಟ್ಟರು. ಯಲ್ಲಾಲಿಂಗ ಮೆಲ್ಲಗೆ, "ಎರಡನೇ ಸಲ ಕೇಳಾಕೂ ಹಚ್ಚಲಿಲ್ರಿ ಕಾಕಾ. ನಾ ಕಣ್ಣಾರೆ ನೋಡೇನಿ," ಎಂದ.

"ಅದು ನಿಮ್ಮತ್ತಿ ತವರಿಂದ ತಂದದ್ರಿ ಅಳ್ಯಾರ. ನನ್ನ ಕೈಗೆ ಬರೂ ತನಕ ಸಾವಳಗಿ ಬಸ್ ಹತ್ತೂದಿಲ್ಲ."

ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಎನ್ನುತ್ತಾರೆ; ಅಡಕತ್ತರಿಯೇ ಇಲ್ಲದೆ ಹೋಳಾಗುವ ಯೋಗ ಪರಮಾನಂದನದು. ಬಾಗಿಲಿಗೆ ಓಡಿದ.

"ಸಭಾ ಮುಗದ ಮ್ಯಾಲ ಬರ್ರಿ," ಎಂದ ಪೊಲೀಸ.

"ಅಷ್ಟರಾಗ ಬಸ್ ಹೋಗತೈತ್ರಿ ಸಾಹೇಬ್ರ."

"ಹೋಗ್ಲಿ ಬಿಡ್ರಿ."

"ಹೋಗಬಾರದ್ರಿ. ಬೇಕಾದ್ರ ನನ್ನ ಜೀವಾ ತಗೋರಿ, ಅಡಕತ್ರಿ ಬಿಟ್ಟು ಏಳಂಗಿಲ್ಲ ನಾ." ಪರಮಾನಂದ ಬುಟ್ಟಿಯನ್ನೇ ತಬ್ಬಿಕೊಂಡು ನೆಲಕ್ಕೆ ಕುಳಿತ.

ಹಿಂದಿನ ಸಾಲಿನವರು ಎದ್ದು ಬಂದರು.

"ಏನಂತಲೇ ಅವಂದು?"

"ಹತಾರ ಕೊಡಂಗಿಲ್ಲ ಅನ್ನಾಕತ್ತಾನ."

ಯಲ್ಲಾಲಿಂಗ ಕೈಯೆತ್ತಿ ಜೈ ಎಂದ. ಯಾಕೆಂದು ಕೇಳದೆ ಇಡೀ ಸಭೆ ಜೈ ಎಂದಿತು. ಪೊಲೀಸ ಗರಬಡಿದವನಂತೆ ಹಿಂದೆ ಸರಿದ. ಗದ್ದಲ ಕೇಳಿ ಸ್ಮಾರಕ ಸಮಿತಿಯ ಅಧ್ಯಕ್ಷ ಧರಣೇಂದ್ರ ವೇದಿಕೆಯಿಂದಿಳಿದು ಬಂದರು. ವಿಷಯ ತಿಳಿದು, ಅಡಕತ್ತರಿಯನ್ನು ತಾವೇ ಎತ್ತಿ ಪರಮಾನಂದನ ಕೈಗಿಟ್ಟರು. ಮೂರು ತಿಂಗಳಲ್ಲಿ ಮೊದಲ ಸಲ ಮಾವ ಅಳಿಯನನ್ನು ನೋಡಿ ನಕ್ಕರು. ಪರಮಾನಂದನ ಕಣ್ಣಿಗೆ ಸಾವಳಗಿ ಬಸ್ಸಿನ ಹಿಂಭಾಗ ಸ್ಪಷ್ಟವಾಗಿ ಕಾಣಿಸಿತು.

ಆದರೆ ಜನ ಬಿಡಬೇಕಲ್ಲ. ಅವನನ್ನು ಹೊತ್ತುಕೊಂಡು ಹೋಗಿ ವೇದಿಕೆ ಹತ್ತಿಸಿದರು, ಮಾಲೆ ಹಾಕಿದರು. ಅಧ್ಯಕ್ಷರು ಮೈಕು ಹಿಡಿದರು.

"ಕೊಡಂಗಿಲ್ಲ ಅನ್ನೂ ಛಲಾ ನಮ್ಮ ಭಾಗದಾಗ ಇನ್ನೂ ಸತ್ತಿಲ್ಲ. ಇಂಥಾ ಹತಾರ ಯಾರದೋ ಕಿಸೇದಾಗ ಇರಬಾರದು. ಇದನ್ನ ನಮ್ಮ ಗಾಜಿನ ಪೆಟ್ಟಿಗ್ಯಾಗ ಇಡೂಣು. ಪರಮಾನಂದ ಅವರು ಸ್ವಸಂತೋಷದಿಂದ ಒಪ್ಪಸಾಕತ್ತಾರ."

ಪರಮಾನಂದ ಬೆಚ್ಚಿ ಬಾಯಿ ತೆರೆದ. ತೆರೆದ ಬಾಯಿಗೆ ಯಾರೋ ಪೇಡೆ ಇಟ್ಟರು. ಕೆಂಪು ಬಟ್ಟೆ ಹಾಸಿದ ತಟ್ಟೆ ಮುಂದೆ ಬಂತು. ಚಪ್ಪಾಳೆಯ ನಡುವೆ ಅವನ ಕೈ ತಾನಾಗಿಯೇ ಅಡಕತ್ತರಿಯನ್ನು ಅದರಲ್ಲಿ ಇಟ್ಟಿತು. ಈ ಸಲವೂ ಯಾರೂ ಎರಡನೇ ಬಾರಿ ಕೇಳಬೇಕಾಗಲಿಲ್ಲ.

ಬೈಗುಳಕ್ಕೆ ಸಿದ್ಧನಾಗಿ, ತಲೆ ತಗ್ಗಿಸಿ ಕೆಳಗಿಳಿದ. ಮುದಕಪ್ಪನವರು ಅವನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ಧಾರಾಕಾರ ನೀರು.

"ನಿಮ್ಮತ್ತಿ ಅಡಕತ್ರಿಗೆ ಎಂಥಾ ಜಾಗಾ ಕೊಡಿಸಿದ್ರಿ ಅಳ್ಯಾರ. ಇನ್ನ ವಾರಕ್ಕೊಮ್ಮೆರೆ ಬಂದು ಕಣ್ತುಂಬ ನೋಡಬೇಕು ನಾ. ಸಾವಳಗಿಯಿಂದ ದೂರ ಆಗತೈತಿ. ಬನಹಟ್ಟಿನೇ ಸಮೀಪ."

"ಅದಕ್ಕೇನ್ರಿ ಕಾಕಾ," ಎಂದ ಯಲ್ಲಾಲಿಂಗ, "ಕಾರ್ ಹೆಂಗೂ ಮನಿ ಮುಂದನ ಇರತೈತಿ."